ಹದಿನಾರರಲ್ಲಿ ಹದಿನೈದನೆಯವರು

ಮನುಷ್ಯನು ಯಾವುದನ್ನು ಕಂಡರೂ ಅದಕ್ಕೊಂದು ಸ್ಥಾನವನ್ನು ಗೊತ್ತುಮಾಡದೆ ಸುಮ್ಮನಿರಲಾರನು. ಶಾಲೆಯಲ್ಲಿ ಮೊದಲನೆಯ ನಂಬರು ಯಾರದು, ಕಚೇರಿಯ ಹಿರಿತನದ ಪಟ್ಟಿಯಲ್ಲಿ ಯಾರ ಹೆಸರು ಯಾರ ಕೆಳಗಿದೆ, ಬೀದಿಯ ನಾಲ್ಕು ಹೋಟೆಲುಗಳಲ್ಲಿ ಇಡ್ಲಿಗೆ ಯಾವುದು ಮೇಲು ಎಂಬಿವೇ ನಮ್ಮ ನಿತ್ಯದ ಮಾತುಕತೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಪಟ್ಟಿಯನ್ನು ಬರೆಯುವವರು ಕೆಲವರು, ಅದರಲ್ಲಿ ಬರೆಸಿಕೊಳ್ಳುವವರು ಹಲವರು. ಊರು ಬಿಟ್ಟು ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿಯುವ ನಮ್ಮ ವಾಚಕರಲ್ಲಿ ಹೆಚ್ಚಿನವರು ಬರೆಸಿಕೊಳ್ಳುವವರ ಸಾಲಿಗೆ ಸೇರಿದವರು. ಆದುದರಿಂದ ಪಟ್ಟಿಯ ಬಲವೆಷ್ಟು, ಅದರ ಮಿತಿ ಎಲ್ಲಿಗೆ ಎಂಬುದನ್ನು ತಿಳಿಸುವ ಒಂದು ನಿಜವಾದ ವೃತ್ತಾಂತವನ್ನು ಇಂದು ಅವರ ಮುಂದಿಡಬೇಕೆಂದಿದ್ದೇವೆ.

ವೃತ್ತಾಂತವು ದೂರದ ಅಮೆರಿಕಾ ದೇಶದ್ದು. ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ, ಫಿಲಡೆಲ್ಫಿಯಾ ನಗರದ ಪಶ್ಚಿಮಕ್ಕೆ, ಇಮ್ಯಾಕ್ಯುಲಾಟಾ ಎಂಬ ಒಂದು ಸಣ್ಣ ಕಾಲೇಜು. ಕ್ರೈಸ್ತ ಸನ್ಯಾಸಿನಿಯರು 1920ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸ್ಥಾಪಿಸಿದ ವಿದ್ಯಾಸಂಸ್ಥೆ. ಅಲ್ಲಿಯ ಹುಡುಗಿಯರು 1971-72ರ ಋತುವಿನಲ್ಲಿ ಆಡಿದ ಬಾಸ್ಕೆಟ್‌ಬಾಲ್ ಆಟದ ಮಾತನ್ನು ಅರ್ಧ ಶತಮಾನ ಕಳೆದ ಮೇಲೂ ಅಲ್ಲಿಯ ಜನರು ಮರೆತಿಲ್ಲ.

ಆಟ ನಡೆದು ಬಂದ ದಾರಿ

ಮೊದಲು ಆಟದ ವಿಷಯವಾಗಿ ಎರಡು ಮಾತು. 1891ರ ಡಿಸೆಂಬರಿನಲ್ಲಿ ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಮನೆಯೊಳಗೆ ಆಡಲು ತಕ್ಕ ಆಟವೊಂದನ್ನು ಕಲ್ಪಿಸಿದರು. ಹಣ್ಣು ತುಂಬುವ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿ, ಅವುಗಳೊಳಗೆ ಚೆಂಡನ್ನು ಎಸೆಯಿಸಿದರು. ಆಟದ ಹೆಸರು ಆ ಬುಟ್ಟಿಯಿಂದಲೇ ಬಂದದ್ದು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಿಕೆಯು ಅದನ್ನು ಹೆಣ್ಣುಮಕ್ಕಳಿಗೆ ಕಲಿಸಲು ಆರಂಭಿಸಿದರು. ಆದರೆ ಹೆಣ್ಣುಮಕ್ಕಳು ಹೆಚ್ಚು ಓಡಬಾರದು, ಆಯಾಸಪಡಬಾರದು ಎಂಬುದು ಆ ಕಾಲದ ನಂಬಿಕೆ. ಅದಕ್ಕಾಗಿ ಅಂಗಣವನ್ನು ಗೆರೆ ಎಳೆದು ಪಾಲುಮಾಡಿ, ಒಬ್ಬೊಬ್ಬಳೂ ತನ್ನ ಪಾಲಿನೊಳಗೇ ಇರಬೇಕೆಂದು ನಿಯಮ ಮಾಡಿದರು. ಮುಂದೆ ಬಹುಕಾಲ ಒಂದು ಪಕ್ಷಕ್ಕೆ ಆರು ಮಂದಿ; ಅವರಲ್ಲಿ ಮೂವರು ಎಸೆಯುವುದಕ್ಕೆ, ಮೂವರು ತಡೆಯುವುದಕ್ಕೆ. ಗೆರೆ ದಾಟುವಂತಿಲ್ಲ.

ಈ ಗೆರೆಯು ಕಾಲೇಜುಗಳ ಅಂಗಣದಿಂದ ಅಧಿಕೃತವಾಗಿ ಅಳಿದದ್ದು 1971ರಲ್ಲಿ. ಅಂದಿನಿಂದ ಒಂದು ಪಕ್ಷಕ್ಕೆ ಐವರು, ಇಡೀ ಅಂಗಣ ಎಲ್ಲರಿಗೂ. ಅದೇ ವರ್ಷ ಹೆಣ್ಣುಮಕ್ಕಳ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳಲು ಎ.ಐ.ಎ.ಡಬ್ಲ್ಯು. ಎಂಬ ಸಂಘವೂ ಹುಟ್ಟಿತು. ನಮ್ಮ ವೃತ್ತಾಂತದ ಋತುವು ಇವೆರಡೂ ಕೂಡಿದ ಮೊದಲ ಋತು. ಹಳೆಯ ಲೆಕ್ಕದ ಪುಸ್ತಕ ಮುಚ್ಚಿ ಹೊಸದನ್ನು ತೆರೆದ ವರ್ಷವದು.

ಸುಟ್ಟ ಆಟದ ಮನೆ, ಸುಟ್ಟ ವಾಸದ ಮನೆ

ಇಮ್ಯಾಕ್ಯುಲಾಟಾ ಕಾಲೇಜಿಗೆ ಇದ್ದ ಕೊರತೆಗಳನ್ನು ಹೇಳಿದರೆ ನಮ್ಮವರಿಗೆ ಆಶ್ಚರ್ಯವಾಗದು. ನಾವೆಲ್ಲರೂ ಅಂಥವನ್ನು ಕಂಡವರೇ. ಆಟದ ಮನೆಯು 1967ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಆಟಗಾರ್ತಿಯರಿಗೆ ಉಣ್ಣೆಯ ಹಳೆಯ ಮಾದರಿಯ ಅಂಗಿ. ಅದನ್ನು ತಾವೇ ಒಗೆದುಕೊಳ್ಳಬೇಕು. 1970ರಲ್ಲಿ ತರಬೇತಿ ಕೊಡಲು ಬಂದ ಕ್ಯಾಥಿ ರಶ್ ಎಂಬಾಕೆಗೆ ಇಪ್ಪತ್ತಮೂರು ವರ್ಷ. ಇಡೀ ವರ್ಷದ ದುಡಿಮೆಗೆ ಕಾಲೇಜು ಗೊತ್ತುಮಾಡಿದ ಸಂಬಳ 450 ಡಾಲರು. ಆಟದ ಮನೆ ಇಲ್ಲದ್ದರಿಂದ ಸನ್ಯಾಸಿನಿಯರ ಆಶ್ರಮದ ಕಟ್ಟಡದಲ್ಲಿಯೇ ಅಭ್ಯಾಸ ನಡೆಯಿಸಬೇಕಾಯಿತು.

ತಂಡದ ಆಧಾರಸ್ತಂಭವಾಗಿದ್ದ ಥೆರೆಸಾ ಶ್ಯಾಂಕ್ ಎಂಬ ಹುಡುಗಿ ಈ ಕಾಲೇಜಿಗೆ ಬಂದದ್ದೂ ಬೆಂಕಿಯ ದೆಸೆಯಿಂದಲೇ. ಆಕೆ ಬೇರೊಂದು ಕಾಲೇಜಿಗೆ ಹೋಗುವವಳಿದ್ದಳು. ಅಷ್ಟರಲ್ಲಿ ಅವಳ ಮನೆಯು ಸುಟ್ಟುಹೋಯಿತು. ತಂದೆತಾಯಿಗಳನ್ನು ಆ ಸ್ಥಿತಿಯಲ್ಲಿ ಬಿಟ್ಟು ದೂರ ಹೋಗಲು ಮನಸ್ಸು ಬಾರದೆ, ಮನೆಯಿಂದ ಹೋಗಿ ಬರಲು ಸಾಧ್ಯವಿದ್ದ ಈ ಸಣ್ಣ ಕಾಲೇಜನ್ನು ಸೇರಿದಳು. ದೊಡ್ಡ ಹೆಸರಿನ ಕಾಲೇಜನ್ನು ಬಿಟ್ಟು, ಸಂಸಾರದ ತೊಂದರೆಯಿಂದ ಹತ್ತಿರದ ಕಾಲೇಜನ್ನೋ ರಾತ್ರಿ ಶಾಲೆಯನ್ನೋ ಸೇರಿದವರು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ನಾವು ಬಲ್ಲೆವು.

ಸನ್ಯಾಸಿನಿಯರು ಮಾತ್ರ ಈ ಹುಡುಗಿಯರನ್ನು ಕೈಬಿಡಲಿಲ್ಲ. ಆಟಗಾರ್ತಿಯೊಬ್ಬಳ ತಂದೆಗೆ ಕಬ್ಬಿಣದ ಸಾಮಾನಿನ ಅಂಗಡಿ ಇತ್ತು. ಆತನು ಬಕೀಟುಗಳನ್ನೂ ಕೋಲುಗಳನ್ನೂ ತಂದುಕೊಟ್ಟನು. ಸನ್ಯಾಸಿನಿಯರು ಅಂಗಣದ ಪಕ್ಕದಲ್ಲಿ ಸಾಲಾಗಿ ಕುಳಿತು ಆ ಬಕೀಟುಗಳನ್ನು ಬಡಿದು ತಮ್ಮ ಮಕ್ಕಳನ್ನು ಹುರಿದುಂಬಿಸುತ್ತಿದ್ದರು. ಎದುರು ಪಕ್ಷದವರಿಗೆ ಆ ಸದ್ದಿನಲ್ಲಿ ತಮ್ಮವರ ಮಾತೇ ಕೇಳಿಸುತ್ತಿರಲಿಲ್ಲವಂತೆ.

ಮೂವತ್ತೆರಡು ಅಂಕಗಳ ಸೋಲು

ಇಮ್ಯಾಕ್ಯುಲಾಟಾಕ್ಕೆ ಕೆಲವೇ ಮೈಲಿ ದೂರದಲ್ಲಿ ವೆಸ್ಟ್ ಚೆಸ್ಟರ್ ಎಂಬ ಸರಕಾರಿ ಕಾಲೇಜು ಇದೆ. ವ್ಯಾಯಾಮ ಶಿಕ್ಷಣಕ್ಕೆ ಅದು ಹೆಸರಾದುದು. ಹೆಣ್ಣುಮಕ್ಕಳ ಕಾಲೇಜು ತಂಡಗಳ ಮೊದಲ ರಾಷ್ಟ್ರೀಯ ಆಹ್ವಾನ ಪಂದ್ಯಾಟವನ್ನು 1969ರಲ್ಲಿ ಏರ್ಪಡಿಸಿದ್ದು ಅಲ್ಲಿಯ ಶಿಕ್ಷಕಿ ಕ್ಯಾರಲ್ ಎಕ್‌ಮನ್. ಆ ಪಂದ್ಯಾಟವನ್ನು ಗೆದ್ದದ್ದೂ ಅವರ ತಂಡವೇ. ಕ್ಯಾಥಿ ರಶ್ ಓದಿದ್ದು ಅದೇ ಕಾಲೇಜಿನಲ್ಲಿ.

1971-72ರ ಋತುವಿನಲ್ಲಿ ಇಮ್ಯಾಕ್ಯುಲಾಟಾದ ಹುಡುಗಿಯರು ಒಂದರ ಮೇಲೊಂದು ಪಂದ್ಯವನ್ನು ಗೆಲ್ಲುತ್ತ ಪ್ರಾಂತೀಯ ಪಂದ್ಯಾಟದ ಕೊನೆಯ ಸುತ್ತಿನವರೆಗೆ ಬಂದರು. ಅಲ್ಲಿ ಎದುರಾದದ್ದು ವೆಸ್ಟ್ ಚೆಸ್ಟರ್. ಫಲಿತಾಂಶ 70-38. ಮೂವತ್ತೆರಡು ಅಂಕಗಳ ಸೋಲು! ಆಟವನ್ನು ಅರಿಯದವರಿಗೂ ಈ ಅಂತರದ ಅರ್ಥ ಆಗದಿರದು. ಗೆದ್ದವರು ಸುಮಾರು ಇಮ್ಮಡಿ ಅಂಕ ಗಳಿಸಿದ್ದರು.

ಆದರೂ ಪ್ರಾಂತದಲ್ಲಿ ಎರಡನೆಯವರಾದ ಕಾರಣ ರಾಷ್ಟ್ರೀಯ ಪಂದ್ಯಾಟಕ್ಕೆ ಹೋಗುವ ಅರ್ಹತೆ ಉಳಿಯಿತು. ಇಲಿನಾಯ್ ಪ್ರಾಂತದ ನಾರ್ಮಲ್ ಎಂಬ ಊರಿನಲ್ಲಿ, 1972ರ ಮಾರ್ಚಿಯಲ್ಲಿ, ಹದಿನಾರು ಕಾಲೇಜುಗಳು ಸೇರುವುದೆಂದು ಗೊತ್ತಾಯಿತು. ಬಲವನ್ನು ಅಂದಾಜುಮಾಡಿ ಹದಿನಾರು ತಂಡಗಳನ್ನೂ ಒಂದರಿಂದ ಹದಿನಾರರವರೆಗೆ ಶ್ರೇಣಿಗೊಳಿಸಿದರು. ಇಮ್ಯಾಕ್ಯುಲಾಟಾಕ್ಕೆ ದೊರೆತದ್ದು ಹದಿನೈದನೆಯ ಸ್ಥಾನ.

ನ್ಯಾಯವಾಗಿ ನೋಡಿದರೆ ಪಟ್ಟಿ ಬರೆದವರದು ತಪ್ಪೆನ್ನಲಾಗದು. ಅವರ ಮುಂದೆ ಇದ್ದ ಕಡೆಯ ಅಂಕಿ 70-38. ಹೆಸರು ಕೇಳದ ಕಾಲೇಜು, ಹಣವಿಲ್ಲದ ತಂಡ, ಮೂವತ್ತೆರಡು ಅಂಕಗಳಿಂದ ಸೋತವರು. ಬೇರೆ ಯಾವ ಸ್ಥಾನವನ್ನು ಕೊಡಬಹುದಾಗಿತ್ತು?

ನಾರ್ಮಲ್ ಊರಿನಲ್ಲಿ ನಾಲ್ಕು ಪಂದ್ಯ

ಹೋಗುವುದಕ್ಕೆ ಹಣವೆಲ್ಲಿ? ಹುಡುಗಿಯರು ಹಲ್ಲುಜ್ಜುವ ಬ್ರಷ್ಷುಗಳನ್ನು ಮಾರಿ ಹಣ ಕೂಡಿಸಿದರು. ಕಾಲೇಜೂ ತನ್ನಿಂದಾದಷ್ಟನ್ನು ಸೇರಿಸಿತು. ಎಷ್ಟು ಕೂಡಿಸಿದರೂ ತಂಡದ ಎಲ್ಲರಿಗೂ ವಿಮಾನದ ಟಿಕೆಟು ಕೊಳ್ಳಲು ಸಾಲದೆ ಎಂಟು ಮಂದಿ ಮಾತ್ರ ಹೊರಟರು. ಉಳಿದವರು ಊರಿನಲ್ಲಿಯೇ ನಿಂತರು. ಹೊರಟವರಿಗೂ ಕಾಯ್ದಿಟ್ಟ ಸೀಟುಗಳಿಲ್ಲ. ಬೇರೆಯವರು ಕುಳಿತ ಮೇಲೆ ಸ್ಥಳ ಉಳಿದರೆ ಹತ್ತಬಹುದೆಂಬ ಅಗ್ಗದ ಟಿಕೆಟು ಅವರದು. ರಿಸರ್ವೇಶನ್ ಇಲ್ಲದೆ, ಊರಿನ ರೈಲು ಹೊರಡುವ ಮೊದಲು ಟ್ರಂಕಿನ ಮೇಲೆ ಕುಳಿತು ಕಾದವರು ಆ ಹುಡುಗಿಯರ ಮನಸ್ಸನ್ನು ಊಹಿಸಿಕೊಳ್ಳಬಲ್ಲರು.

ಮೊದಲ ಪಂದ್ಯದಲ್ಲಿ ಸೌತ್ ಡಕೋಟಾ ಸರಕಾರಿ ಕಾಲೇಜನ್ನು 60-47ರಿಂದ ಸೋಲಿಸಿದರು. ಎರಡನೆಯದರಲ್ಲಿ ಇಂಡಿಯಾನಾದ ತಂಡವನ್ನು 49-47ರಿಂದ. ಒಂದು ಎಸೆತದ ಅಂತರ. ಮೂರನೆಯದರಲ್ಲಿ ಎದುರಾದವರು ಹಿಂದಿನ ವರ್ಷದ ವಿಜೇತರಾದ ಮಿಸಿಸಿಪ್ಪಿಯ ಮಹಿಳಾ ಕಾಲೇಜಿನವರು. ಅವರನ್ನೂ 46-43ರಿಂದ ದಾಟಿದರು. ಕೊನೆಯ ಪಂದ್ಯಕ್ಕೆ ಅಂಗಣದ ಆ ಕಡೆಯಲ್ಲಿ ನಿಂತವರು ಯಾರು? ಅದೇ ವೆಸ್ಟ್ ಚೆಸ್ಟರ್!

ಸ್ವಲ್ಪ ದಿನಗಳ ಹಿಂದೆ ಮೂವತ್ತೆರಡು ಅಂಕಗಳಿಂದ ಸೋಲಿಸಿದವರ ಎದುರಿಗೆ, ಎಂಟೇ ಮಂದಿ, ನಾಲ್ಕನೆಯ ಪಂದ್ಯದ ದಣಿವಿನಲ್ಲಿ ನಿಂತರು. ನಿಂತು 52-48ರಿಂದ ಗೆದ್ದರು. ಹದಿನಾರರಲ್ಲಿ ಹದಿನೈದನೆಯವರು ರಾಷ್ಟ್ರಕ್ಕೆ ಮೊದಲನೆಯವರಾದರು. ಇಡೀ ಋತುವಿನ ಲೆಕ್ಕ: ಇಪ್ಪತ್ತನಾಲ್ಕು ಗೆಲುವು, ಒಂದು ಸೋಲು.

ಇದು ಕುರುಡುಕೋಳಿಗೆ ಸಿಕ್ಕಿದ ಕಾಳಲ್ಲವೆಂಬುದನ್ನು ಮುಂದಿನ ವರ್ಷಗಳು ತೋರಿಸಿದವು. 1973ರಲ್ಲಿ ಒಂದು ಪಂದ್ಯವನ್ನೂ ಸೋಲದೆ, ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜನ್ನು ಅವರ ಅಂಗಣದಲ್ಲಿಯೇ 59-52ರಿಂದ ಸೋಲಿಸಿ ಮತ್ತೆ ಪ್ರಶಸ್ತಿ ಪಡೆದರು. 1974ರಲ್ಲಿ ಮೂರನೆಯ ಬಾರಿ. 1975ರ ಜನವರಿ 26ರಂದು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದೊಡನೆ ಇವರು ಆಡಿದ ಪಂದ್ಯವು ದೇಶಕ್ಕೆಲ್ಲ ಟೆಲಿವಿಷನ್ನಿನಲ್ಲಿ ತೋರಿಸಿದ ಮೊದಲ ಮಹಿಳಾ ಕಾಲೇಜು ಪಂದ್ಯವಾಯಿತು, 80-48ರಿಂದ ಗೆದ್ದರು. ಮುಂದಿನ ತಿಂಗಳು ನ್ಯೂಯಾರ್ಕಿನ ಹೆಸರಾಂತ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಇವರ ಆಟವನ್ನು ನೋಡಲು ಸುಮಾರು 12,000 ಜನ ನೆರೆದಿದ್ದರು.

ಪಟ್ಟಿ ಹುಟ್ಟಿದ ಬಗೆ

ಈಗ ಪಟ್ಟಿಯ ವಿಷಯಕ್ಕೆ ಬರೋಣ. ಗಂಡುಮಕ್ಕಳ ಕಾಲೇಜು ತಂಡಗಳಿಗೆ ಪತ್ರಿಕೆಗಳಲ್ಲಿ ವಾರವಾರವೂ ರಾಷ್ಟ್ರೀಯ ಶ್ರೇಣಿ ಪ್ರಕಟವಾಗುತ್ತಿದ್ದರೂ ಹೆಣ್ಣುಮಕ್ಕಳ ತಂಡಗಳಿಗೆ ಅಂಥದು ಇರಲಿಲ್ಲ. ಮೂರು ಸಲ ರಾಷ್ಟ್ರ ಪ್ರಶಸ್ತಿ ಗೆದ್ದವರ ಹೆಸರೂ ಯಾವ ವಾರದ ಪಟ್ಟಿಯಲ್ಲಿಯೂ ಇಲ್ಲ, ಏಕೆಂದರೆ ಪಟ್ಟಿಯೇ ಇಲ್ಲ.

1976ರ ನವೆಂಬರಿನಲ್ಲಿ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಮೆಲ್ ಗ್ರೀನ್‌ಬರ್ಗ್ ಎಂಬವರು ಈ ಕೊರತೆಯನ್ನು ತುಂಬಿದರು. ದೇಶದ ಮೂಲೆಮೂಲೆಯ ತರಬೇತುದಾರರಿಗೆ ಟೆಲಿಫೋನು ಮಾಡಿ, ಈ ವಾರ ನಿಮ್ಮ ಅಭಿಪ್ರಾಯದಲ್ಲಿ ಯಾವ ತಂಡ ಮೊದಲು, ಯಾವುದು ಎರಡನೆಯದು ಎಂದು ವಿಚಾರಿಸಿದರು. ಲೆಕ್ಕದ ಕ್ರಮ ಸುಲಭ. ಒಬ್ಬೊಬ್ಬರೂ ಒಂದು ಪಟ್ಟಿ ಕೊಡಬೇಕು. ಮೊದಲನೆಯ ಹೆಸರಿಗೆ ಎಲ್ಲಕ್ಕಿಂತ ಹೆಚ್ಚಿನ ಅಂಕ, ಅದರ ಕೆಳಗಿನದಕ್ಕೆ ಒಂದು ಕಡಮೆ, ಅದರ ಕೆಳಗಿನದಕ್ಕೆ ಮತ್ತೊಂದು ಕಡಮೆ. ಎಲ್ಲರ ಪಟ್ಟಿಗಳನ್ನೂ ಕೂಡಿಸಿ, ಮೊತ್ತ ಹೆಚ್ಚಿದ್ದವರನ್ನು ಮೇಲೆ ಬರೆದರೆ ರಾಷ್ಟ್ರೀಯ ಶ್ರೇಣಿ ಸಿದ್ಧ. ನಮ್ಮ ಗುಮಾಸ್ತ ಮಿತ್ರರು ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲ ಲೆಕ್ಕವಿದು. ಅಂಕಿಗಳನ್ನು ದೊರಕಿಸುವುದೇ ಕಷ್ಟವಾಗಿತ್ತು. ಹೆಣ್ಣುಮಕ್ಕಳ ಪಂದ್ಯಗಳ ಫಲಿತಾಂಶವನ್ನು ಅಚ್ಚುಹಾಕುವ ಪತ್ರಿಕೆಗಳೇ ಅಪರೂಪ.

ಗ್ರೀನ್‌ಬರ್ಗರ ಮೊದಲ ಪಟ್ಟಿಯಲ್ಲಿ ಒಂದನೆಯ ಸ್ಥಾನ ಸಿಕ್ಕಿದ್ದು ಡೆಲ್ಟಾ ಸ್ಟೇಟ್ ಎಂಬ ಮತ್ತೊಂದು ಸಣ್ಣ ಕಾಲೇಜಿಗೆ. ಮಿಸಿಸಿಪ್ಪಿ ಪ್ರಾಂತದ ಹತ್ತಿಯ ಹೊಲಗಳ ನಡುವಿನ ಊರಿನದು. ಅಲ್ಲಿಯ ತರಬೇತುದಾರೆ ಮಾರ್ಗರೆಟ್ ವೇಡ್ ತಾನು ಅದೇ ಕಾಲೇಜಿನಲ್ಲಿ ಓದುತ್ತಿದ್ದಾಗ, 1930ರ ದಶಕದ ಮೊದಲಲ್ಲಿ, ಈ ಆಟವು ಹೆಣ್ಣುಮಕ್ಕಳಿಗೆ ತೀರ ಶ್ರಮದಾಯಕವೆಂದು ಕಾಲೇಜಿನವರು ನಿಲ್ಲಿಸಿಬಿಟ್ಟಿದ್ದರು. ಹುಡುಗಿಯರು ದುಃಖದಿಂದ ತಮ್ಮ ಆಟದ ಅಂಗಿಗಳನ್ನು ಸುಟ್ಟುಹಾಕಿದ್ದರಂತೆ. ನಾಲ್ವತ್ತು ವರ್ಷಗಳ ಮೇಲೆ, 1973ರಲ್ಲಿ, ಆಟವು ಮತ್ತೆ ಆರಂಭವಾದಾಗ ಅದೇ ಮಾರ್ಗರೆಟ್ ವೇಡರನ್ನು ಕರೆದರು. ಅವರ ತಂಡದ ಲೂಸಿಯಾ ಹ್ಯಾರಿಸ್ ಎಂಬವಳು ಬಡ ರೈತ ಕುಟುಂಬದ ಹನ್ನೊಂದು ಮಕ್ಕಳಲ್ಲಿ ಹತ್ತನೆಯವಳು, ನೀಗ್ರೋ ಜನಾಂಗದವಳೆಂದು ಹಿಂದೆ ಕರೆಯುತ್ತಿದ್ದ ಕರಿಯ ಸಮುದಾಯದ ಮಗಳು. 1975 ಮತ್ತು 1976ರ ಕೊನೆಯ ಪಂದ್ಯಗಳಲ್ಲಿ ಇಮ್ಯಾಕ್ಯುಲಾಟಾವನ್ನು ಸೋಲಿಸಿ ಸಿಂಹಾಸನವನ್ನು ಪಡೆದವರು ಇವರೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲ್ ಮೊದಲ ಬಾರಿ ಸೇರಿದಾಗ ಮೊದಲ ಬುಟ್ಟಿಯನ್ನು ತುಂಬಿದ ಕೈ ಈ ಲೂಸಿಯಾ ಹ್ಯಾರಿಸಳದು.

ವಾರವಾರವೂ ಪಟ್ಟಿ ಬಂದ ಮೇಲೆ ಪತ್ರಿಕೆಗಳಿಗೆ ಅಚ್ಚುಹಾಕಲು ವಿಷಯ ದೊರೆಯಿತು. ಈ ವಾರ ಮೇಲೇರಿದವರು ಯಾರು, ಇಳಿದವರು ಯಾರು ಎಂದು ಓದುಗರು ಹುಡುಕತೊಡಗಿದರು. ಪತ್ರಿಕಾ ವ್ಯವಸಾಯದಲ್ಲಿರುವ ನಮಗೆ ಇದರ ಬೆಲೆ ಗೊತ್ತು. ಅಚ್ಚಿನಲ್ಲಿ ಹೆಸರು ಬಾರದವರನ್ನು ಲೋಕವು ಇಲ್ಲದವರೆಂದೇ ಎಣಿಸುತ್ತದೆ. ಹದಿನೈದನೆಯ ಸ್ಥಾನವಾದರೂ ಸರಿಯೆ, ಪಟ್ಟಿಯಲ್ಲಿ ಒಂದು ಗೆರೆ ಬೇಕು.

ಹಣ ಬಂದ ಮೇಲೆ

ಇಮ್ಯಾಕ್ಯುಲಾಟಾದ ಮೊದಲ ಗೆಲುವಿನ ಮೂರು ತಿಂಗಳಲ್ಲಿ, 1972ರ ಜೂನ್ 23ರಂದು, ಅಮೆರಿಕಾದಲ್ಲಿ ಒಂದು ಕಾಯಿದೆ ಬಂದಿತು. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಬಾರದೆಂಬುದು ಅದರ ಸಾರ. ಹೆಣ್ಣುಮಕ್ಕಳ ಸಂಘವು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದನ್ನು ಮೊದಲು ನಿಷೇಧಿಸಿತ್ತು. ಫ್ಲಾರಿಡಾದ ಟೆನಿಸ್ ಆಟಗಾರ್ತಿಯರು ನ್ಯಾಯಾಲಯಕ್ಕೆ ಹೋದ ಮೇಲೆ 1973ರಲ್ಲಿ ಆ ನಿಷೇಧ ಹೋಯಿತು. ಇವೆಲ್ಲ ನ್ಯಾಯವಾದುವೇ. ಆದರೆ ನ್ಯಾಯದ ಬೆನ್ನಿಗೆ ಹಣ ಬಂತು. ದೊಡ್ಡ ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿವೇತನ ಕೊಟ್ಟು ಒಳ್ಳೆಯ ಆಟಗಾರ್ತಿಯರನ್ನು ಸೆಳೆದುಕೊಂಡವು. ಬ್ರಷ್ಷು ಮಾರಿ ಪ್ರಯಾಣ ಮಾಡುವ ಕಾಲೇಜುಗಳು ಆ ಸಂತೆಯಲ್ಲಿ ಎಷ್ಟು ದಿನ ನಿಲ್ಲಬಲ್ಲವು? ಏಳು ಋತುಗಳಲ್ಲಿ 149 ಗೆಲುವು, 15 ಸೋಲುಗಳ ಲೆಕ್ಕವಿಟ್ಟು ಕ್ಯಾಥಿ ರಶ್ 1977ರಲ್ಲಿ ಕೆಲಸ ಬಿಟ್ಟರು. 1982ರ ಹೊತ್ತಿಗೆ ಹೆಣ್ಣುಮಕ್ಕಳ ಸಂಘವೇ ಮುಚ್ಚಿಹೋಯಿತು. ಗಂಡುಮಕ್ಕಳ ಆಟ ನಡೆಯಿಸುತ್ತಿದ್ದ ದೊಡ್ಡ ಸಂಘವು ಎಲ್ಲವನ್ನೂ ವಹಿಸಿಕೊಂಡಿತು.

ಇಮ್ಯಾಕ್ಯುಲಾಟಾ ಇಂದು ವಿಶ್ವವಿದ್ಯಾನಿಲಯವಾಗಿದೆ. 2005ರಿಂದ ಗಂಡುಮಕ್ಕಳೂ ಓದುತ್ತಾರೆ. ಅದು ಆಡುವುದು ಮೂರನೆಯ ವಿಭಾಗದಲ್ಲಿ. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಕಾಲೇಜುಗಳ ವಿಭಾಗವದು. ಆ ವಿಭಾಗಕ್ಕೂ ಅದರದೇ ಪ್ರಶಸ್ತಿ, ಅದರದೇ ರಾಷ್ಟ್ರೀಯ ಶ್ರೇಣಿ ಉಂಟು. ಚಳಿಗಾಲವಿಡೀ ಸಣ್ಣ ಸಣ್ಣ ಊರುಗಳ ಜನ ತಮ್ಮ ಕಾಲೇಜು ಈ ವಾರ ಇಪ್ಪತ್ತೈದರೊಳಗೆ ಬಂದಿತೇ ಎಂದು ಕಾತರದಿಂದ ನೋಡುತ್ತಾರೆ. ಆ ಆಟಗಾರ್ತಿಯರಲ್ಲಿ ಹೆಚ್ಚಿನವರು ಋತು ಮುಗಿದ ಮೇಲೆ ದಾದಿಯರಾಗಿಯೋ ಉಪಾಧ್ಯಾಯಿನಿಯರಾಗಿಯೋ ಲೆಕ್ಕಪತ್ರದವರಾಗಿಯೋ ಬದುಕನ್ನು ಕಟ್ಟಿಕೊಳ್ಳುವವರು.

ಹಾಗಾದರೆ ಆ ಎಂಟು ಮಂದಿಯ ಗೆಲುವಿನಿಂದ ಉಳಿದುದೇನು? ಆಟದ ಮನೆ ಸುಟ್ಟ ಕಾಲೇಜಿಗೆ ಬಂದ, ವಾಸದ ಮನೆ ಸುಟ್ಟ ಥೆರೆಸಾ ಶ್ಯಾಂಕ್ ಮುಂದೆ ತರಬೇತುದಾರೆಯಾದರು. ಅವರು ಕಲಿಸಿದ ರಟ್ಗರ್ಸ್ ತಂಡವು 1982ರಲ್ಲಿ ಹಳೆಯ ಸಂಘದ ಕೊನೆಯ ಪ್ರಶಸ್ತಿಯನ್ನು ಗೆದ್ದಿತು. ಆ ಸಂಘದ ಮೊದಲ ಪ್ರಶಸ್ತಿ ಆಟಗಾರ್ತಿಯಾಗಿ, ಕೊನೆಯದು ಗುರುವಾಗಿ, ಎರಡೂ ಒಬ್ಬಳ ಕೈಯಲ್ಲಿ! 1992ರಲ್ಲಿ ಅವರೇ ಅಮೆರಿಕಾದ ಒಲಿಂಪಿಕ್ ಮಹಿಳಾ ತಂಡದ ಗುರು. ಮುಂದಿನ ವರ್ಷಗಳ ಇಮ್ಯಾಕ್ಯುಲಾಟಾ ತಂಡದಲ್ಲಿದ್ದ ಮೇರಿಯನ್ ಕ್ರಾಫರ್ಡ್ ಕೂಡ ಗುರುವಾಗಿ ಓಲ್ಡ್ ಡೊಮಿನಿಯನ್ ತಂಡಕ್ಕೆ 1979, 1980 ಮತ್ತು 1985ರಲ್ಲಿ ರಾಷ್ಟ್ರ ಪ್ರಶಸ್ತಿ ತಂದರು. ಕ್ಯಾಥಿ ರಶ್ ಅವರ ಹೆಸರು 2008ರಲ್ಲಿ ನೈಸ್ಮಿತ್ ಸ್ಮಾರಕ ಗೌರವ ಮಂದಿರವನ್ನು ಸೇರಿತು. 1972ರಿಂದ 1974ರವರೆಗಿನ ಇಡೀ ತಂಡವೂ 2014ರಲ್ಲಿ ಸೇರಿತು.

ನಮ್ಮ ಮಾತು

ಹಲವು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತ ನಮಗೆ ಲೆಕ್ಕದ ಪುಸ್ತಕದ ಮೇಲೆ ಗೌರವವಿದೆ. ಆದರೆ ಪುಸ್ತಕದಲ್ಲಿರುವುದು ನಿನ್ನೆಯ ವ್ಯಾಪಾರ. ಇಂದಿನ ಗಿರಾಕಿ ಇನ್ನೂ ಬಾಗಿಲಿಗೆ ಬಂದಿಲ್ಲ. 70-38 ಎಂಬ ಅಂಕಿ ನಿಜವಾಗಿತ್ತು; ಅದನ್ನು ನೋಡಿ ಹದಿನೈದನೆಯ ಸ್ಥಾನ ಕೊಟ್ಟದ್ದೂ ಅನ್ಯಾಯವಲ್ಲ. ಆ ಸ್ಥಾನವನ್ನು ನೋಡಿ, ಹೋಗಿ ಪ್ರಯೋಜನವೇನು, ಟಿಕೆಟಿನ ಹಣವಾದರೂ ಉಳಿಯಲಿ ಎಂದು ಮನೆಯಲ್ಲಿ ನಿಂತಿದ್ದರೆ ಮಾತ್ರ ಅನ್ಯಾಯವಾಗುತ್ತಿತ್ತು. ಅದನ್ನು ಅವರಿಗೆ ಮಾಡುವವರು ಪಟ್ಟಿ ಬರೆದವರಲ್ಲ, ಅವರ ಮನೆಯವರೇ ಆಗುತ್ತಿದ್ದರು. ಸನ್ಯಾಸಿನಿಯರು ಹಾಗೆ ಮಾಡಲಿಲ್ಲ. ಇದ್ದ ಹಣದಲ್ಲಿ ಎಂಟು ಮಂದಿಯನ್ನು ಕಳುಹಿಸಿದರು.

ಈ ಮಾತನ್ನು ನಾವು ನಮ್ಮವರಿಗೂ ಅನ್ವಯಿಸಿ ಹೇಳುತ್ತೇವೆ. 2017ರ ಜುಲಾಯಿಯಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮಹಿಳಾ ಬಾಸ್ಕೆಟ್‌ಬಾಲ್ ಪಂದ್ಯಾಟ ನಡೆಯಿತು. ಭಾರತದ ಹೆಣ್ಣುಮಕ್ಕಳನ್ನು ಅಂದು ಇರಿಸಿದ್ದು ಎರಡನೆಯ ವಿಭಾಗದಲ್ಲಿ. ಅವರು ಕೊನೆಯ ಪಂದ್ಯದಲ್ಲಿ ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿ ಮೊದಲನೆಯ ವಿಭಾಗಕ್ಕೆ ಏರಿದರು. ಅಲ್ಲಿಯೂ ಅಂತರ ಒಂದೇ ಎಸೆತ.

ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಗಂಡುಹುಡುಗರ ಓಟಕ್ಕೆ ಮೂರು ಬಹುಮಾನ, ಹೆಣ್ಣುಮಕ್ಕಳಿಗೆ ಸಂಗೀತ ಕುರ್ಚಿ ಎಂಬ ಪದ್ಧತಿ ಇನ್ನೂ ಕೆಲವೆಡೆ ಉಂಟು. ಚಾಳಿನ ಒಂದು ಕೋಣೆಯಲ್ಲಿ ಬೆಳೆದು, ನಗರಪಾಲಿಕೆಯ ಶಾಲೆಯಲ್ಲಿ ಓದಿ, ಅಂತರಶಾಲಾ ಪಂದ್ಯಕ್ಕೆ ಆಯ್ಕೆಯಾದ ಮಗಳು, ಬೂಟಿಗೆ ಹಣ ಬೇಕೆಂದು ಕೇಳಿದಾಗ, ನಿನ್ನ ಶಾಲೆ ಎಷ್ಟನೆಯ ಸ್ಥಾನದಲ್ಲಿದೆ ಎಂದು ಕೇಳುವ ತಂದೆಯೂ ಇದ್ದಾನು. ಅವನ ಕಷ್ಟ ನಮಗೆ ತಿಳಿಯದ್ದಲ್ಲ. ತಿಂಗಳ ಕೊನೆಯಲ್ಲಿ ಊರಿಗೆ ಮನಿಯಾರ್ಡರು ಕಳುಹಿಸುತ್ತಿದ್ದ ಮನೆತನಗಳು ನಮ್ಮವು. ಆದರೂ ಆ ತಂದೆಯಲ್ಲಿ ನಮ್ಮದೊಂದು ವಿನಂತಿ. ಸ್ಥಾನವನ್ನು ಗೊತ್ತುಮಾಡಲು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಆ ಕೆಲಸವನ್ನು ಅವರಿಗೆ ಬಿಟ್ಟುಬಿಡಿ. ಬೂಟನ್ನು ಕೊಡಿಸಿ, ಸಾಧ್ಯವಾದರೆ ಒಂದು ದಿನ ರಜೆ ಹಾಕಿ ಅವಳ ಪಂದ್ಯಕ್ಕೆ ಹೋಗಿ ಬನ್ನಿ. ಬಕೀಟು ಸಿಕ್ಕಿದರೆ ಬಡಿಯುವುದಕ್ಕೂ ಸಂಕೋಚಪಡಬೇಡಿ.